ಹಾಜರಿ ಪಟ್ಟಿಯಲ್ಲಿ ಇಲ್ಲದ ದುಡಿಮೆ

(ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಊರುಗಳ ಗಿರಣಿ ಕೂಲಿಕಾರರೂ ಸಣ್ಣ ವ್ಯಾಪಾರಿಗಳೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ದುಡಿಮೆಯ ಮಾತು ನಮಗೆ ಹೊಸದಲ್ಲ. ಪಗಾರ, ಬೋನಸ್ಸು, ತುಟ್ಟಿಭತ್ಯೆ, ಪಾಳಿ, ರಜೆ ಇವುಗಳ ಮೇಲೆ ಠರಾವು ಮಾಡುತ್ತೇವೆ, ಮೋರ್ಚಾ ತೆಗೆಯುತ್ತೇವೆ. ಆದರೆ 'ದುಡಿಮೆಗಾರ' ಎಂದ ಕೂಡಲೆ ಎಲ್ಲರ ಕಣ್ಣ ಮುಂದೆ ಬರುವವನು ಒಬ್ಬ ಗಂಡಸು. ಜಿನ್ನಿನ ಮಿಷನ್ನಿನ ಹತ್ತಿರ ನಿಂತವನು, ಇಲ್ಲವೆ ಬೆನ್ನ ಮೇಲೆ ಚೀಲ ಹೊತ್ತ ಹಮಾಲ. ಅವನಿಗೆ ಒಂದು ದರವಿದೆ. ದರದಲ್ಲಿ ಮೋಸವಾದರೆ ಜಗಳ ತೆಗೆಯಲು ಒಂದು ಜಾಗವಿದೆ. ನಮ್ಮ ಮೂರು ಊರುಗಳ ಹೆಸರನ್ನು ದೂರದ ಪೇಟೆಗಳಿಗೆ ಮುಟ್ಟಿಸಿದ ಸರಕುಗಳನ್ನು ಒಮ್ಮೆ ನೆನೆಯಿರಿ: ಬ್ಯಾಡಗಿಯ ಮೆಣಸಿನಕಾಯಿ, ರಾಣೆಬೆನ್ನೂರಿನ ಬೀಜ, ಹಾವೇರಿಯ ಏಲಕ್ಕಿ ಹಾರ. ಮೂರರ ಹಿಂದೆಯೂ ಹೆಣ್ಣುಮಕ್ಕಳ ಬೆರಳುಗಳಿವೆ. ಆ ಬೆರಳುಗಳ ದುಡಿಮೆ ಮಾತ್ರ ಲೆಕ್ಕದ ಪುಸ್ತಕಗಳಲ್ಲಿ ಸಿಗುವದು ಅಪರೂಪ. ಹೀಗೇಕೆ, ಇದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲು ಕೂಲಿಯ ಲೆಕ್ಕ. ಕಾರ್ಲ್ ಮಾರ್ಕ್ಸ್ 1867ರಲ್ಲಿ ತನ್ನ 'ಬಂಡವಾಳ' ಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದ. ಅದರ ತಿರುಳು ಗಿರಣಿಯವರಿಗೆ ಅನುಭವದಿಂದಲೇ ತಿಳಿದದ್ದು. ಮಾಲಕ ಕೊಳ್ಳುವದು ಕೂಲಿಕಾರನ ದುಡಿಯುವ ಶಕ್ತಿಯನ್ನು. ಅದಕ್ಕೆ ಕೊಡುವ ಬೆಲೆಯೆಂದರೆ, ಕೂಲಿಕಾರ ನಾಳೆ ಮತ್ತೆ ದುಡಿಯಲು ಬರುವಂತೆ ಅವನನ್ನೂ ಅವನ ಸಂಸಾರವನ್ನೂ ಉಳಿಸಲು ತಗಲುವ ಖರ್ಚು. ಎಂಟು ತಾಸಿನ ಪಾಳಿಯಲ್ಲಿ ಆ ಖರ್ಚು ಮೊದಲ ಕೆಲವು ತಾಸುಗಳಲ್ಲಿಯೇ ಹುಟ್ಟಿಬಿಡುತ್ತದೆ. ಉಳಿದ ತಾಸುಗಳ ದುಡಿಮೆ ಮಾಲಕನ ಗಂಟಿಗೆ ಸೇರುತ್ತದೆ. ಹೆಚ್ಚುವರಿ ಮೌಲ್ಯವೆಂದು ಪುಸ್ತಕದವರು ಕರೆಯುವದು ಇದನ್ನೇ.

ಈ ಲೆಕ್ಕ ಸರಿಯಾದದ್ದು. ಆದರೆ ನಡುವೆ ಒಂದು ಸಾಲು ಬಿಟ್ಟುಹೋಗಿದೆ. ಪಗಾರದ ರೊಕ್ಕಕ್ಕೆ ಸಂತೆಯಲ್ಲಿ ಜೋಳ ಸಿಗುತ್ತದೆ. ಜೋಳ ತಾನಾಗಿ ರೊಟ್ಟಿಯಾಗುವದಿಲ್ಲ. ಅದನ್ನು ಹಸನು ಮಾಡಬೇಕು, ಹಿಟ್ಟಿನ ಗಿರಣಿಗೆ ಒಯ್ಯಬೇಕು, ನೀರು ತರಬೇಕು, ಒಲೆ ಹೊತ್ತಿಸಬೇಕು, ರೊಟ್ಟಿ ಬಡಿಯಬೇಕು. ಎಣ್ಣೆಮಸಿ ಹತ್ತಿದ ಅಂಗಿಯನ್ನು ಒಗೆಯಬೇಕು. ಜ್ವರ ಬಂದವರ ಹತ್ತಿರ ರಾತ್ರಿ ಎಚ್ಚರಿರಬೇಕು. ಮುಂದಿನ ಕೂಲಿಕಾರನನ್ನು ಹೆತ್ತು, ಸಾಕಿ, ಸಾಲೆಗೆ ಕಳಿಸಬೇಕು. ಪಾಳಿ ಮುಗಿಸಿ ಸೋತು ಬಂದ ಮೈ ಮರುದಿನ ಭೋಂಗಾ ಊದುವ ಹೊತ್ತಿಗೆ ಮತ್ತೆ ನೆಟ್ಟಗಾಗಿ ನಿಲ್ಲುವದು ಈ ದುಡಿಮೆಯ ಬಲದಿಂದ. ಮಾಲಕ ಒಬ್ಬನಿಗೆ ಪಗಾರ ಕೊಟ್ಟು ಇಬ್ಬರ ದುಡಿಮೆ ಪಡೆಯುತ್ತಾನೆ. ಒಂದು ದುಡಿಮೆ ಹಾಜರಿ ಪಟ್ಟಿಯಲ್ಲಿ ಕಾಣುತ್ತದೆ, ಇನ್ನೊಂದು ಅಡಿಗೆಮನೆಯ ಹೊಗೆಯಲ್ಲಿ ಮರೆಯಾಗಿದೆ.

ಬದುಕಿನ ಸಾಮಗ್ರಿಯನ್ನು ಹುಟ್ಟಿಸುವದು ಒಂದು, ಮನುಷ್ಯರನ್ನೇ ಹುಟ್ಟಿಸಿ ಬೆಳೆಸುವದು ಇನ್ನೊಂದು, ಎರಡೂ ಉತ್ಪಾದನೆಯೇ ಎಂದು ಏಂಗೆಲ್ಸ್ 1884ರಲ್ಲಿಯೇ ಬರೆದಿದ್ದ. ಆ ಮಾತನ್ನು ಮುಂದಕ್ಕೆ ಎಳೆದು ಪೂರ್ತಿ ಲೆಕ್ಕ ಕೇಳಿದವರು ಸ್ತ್ರೀವಾದಿ ಲೇಖಕಿಯರು. ಕೆನಡಾದ ಮಾರ್ಗರೆಟ್ ಬೆನ್‌ಸ್ಟನ್ 1969ರಲ್ಲಿ, ಮನೆಗೆಲಸಕ್ಕೆ ಪೇಟೆಯಲ್ಲಿ ಬೆಲೆ ಕಟ್ಟದ ಕಾರಣ ರೊಕ್ಕವೇ ದೇವರಾದ ಸಮಾಜದಲ್ಲಿ ಅದು ಕೆಲಸವೆಂದೇ ಅನಿಸಿಕೊಳ್ಳದಾಯಿತು ಎಂದಳು. ಇಟಲಿಯ ಮಾರಿಯಾರೋಸಾ ದಲ್ಲಾ ಕೋಸ್ತಾ, ಅಮೇರಿಕೆಯಲ್ಲಿ ಹುಟ್ಟಿದ ಸೆಲ್ಮಾ ಜೇಮ್ಸ್ 1972ರಲ್ಲಿ ಇನ್ನೂ ಮುಂದೆ ಹೋಗಿ, ಗೃಹಿಣಿ ಹುಟ್ಟಿಸುವ ಸರಕೇ ದುಡಿಯುವ ಶಕ್ತಿ, ಆದುದರಿಂದ ಬಂಡವಾಳ ಅವಳನ್ನೂ ದುಡಿಸಿಕೊಳ್ಳುತ್ತಿದೆ ಎಂದು ವಾದಿಸಿದರು. ಅದೇ ವರ್ಷ ಮನೆಗೆಲಸಕ್ಕೆ ಕೂಲಿ ಕೊಡಿರೆಂಬ ಚಳವಳಿ ಹಲವು ದೇಶಗಳಲ್ಲಿ ಎದ್ದಿತು. ಸಿಲ್ವಿಯಾ ಫೆಡರಿಚಿ 1975ರಲ್ಲಿ ಬರೆದ ಪುಸ್ತಿಕೆ ಆ ಚಳವಳಿಯ ಕೈದೀಪವಾಯಿತು.

ಇವರಲ್ಲಿಯೂ ಒಮ್ಮತವಿರಲಿಲ್ಲ. ಕರಿಯ ಜನಾಂಗದ ಹೋರಾಟಗಾರ್ತಿ ಆಂಜೆಲಾ ಡೇವಿಸ್ 1981ರಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಿದಳು. ನಮ್ಮ ಹೆಂಗಸರು ತಲೆಮಾರುಗಳಿಂದ ಹೊರಗೂ ದುಡಿದಿದ್ದಾರೆ, ಒಳಗೂ ದುಡಿದಿದ್ದಾರೆ. ಮನೆಗೆಲಸಕ್ಕೆ ಕೂಲಿ ಕೊಟ್ಟು ಅವರನ್ನು ಒಲೆಗೇ ಕಟ್ಟಿಹಾಕುವದು ಬೇಡ, ಆ ಕೆಲಸದ ಭಾರವನ್ನು ಇಡೀ ಸಮಾಜ ಹೊರಲಿ ಎಂಬುದು ಅವಳ ಅಭಿಪ್ರಾಯ. ನಮ್ಮ ಜಿಲ್ಲೆಯ ದಲಿತ ಕೇರಿಯ, ಬಡ ರೈತ ಮನೆತನದ ಹೆಣ್ಣುಮಕ್ಕಳಿಗೆ ಈ ಮಾತು ಹೆಚ್ಚು ಒಪ್ಪುತ್ತದೆ. ಅವರು ಬರಿ ಗೃಹಿಣಿಯರಾಗಿ ಕುಳಿತ ಕಾಲ ಯಾವುದೂ ಇಲ್ಲ. ಹೊಲಕ್ಕೂ ಅವರೇ, ಒಲೆಗೂ ಅವರೇ.

ಭಾರ ಎಷ್ಟೆಂದು ತಿಳಿಯಬೇಕೇ? 2019ರಲ್ಲಿ ಭಾರತ ಸರಕಾರವೇ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿತು. ಆರು ವರ್ಷಕ್ಕೆ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ನೂರಕ್ಕೆ 81 ಮಂದಿ ಕೂಲಿಯಿಲ್ಲದ ಮನೆಗೆಲಸ ಮಾಡುತ್ತಿದ್ದರು. ಹಾಗೆ ಮಾಡುವವರ ಸರಾಸರಿ ಹೊತ್ತು ದಿನಕ್ಕೆ 299 ನಿಮಿಷ. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕಿದವರು ನೂರಕ್ಕೆ 26, ಅವರ ಹೊತ್ತು 97 ನಿಮಿಷ. 299 ನಿಮಿಷವೆಂದರೆ ವಾರಕ್ಕೆ ಸುಮಾರು 35 ತಾಸು. ಗಿರಣಿಯ ವಾರಕ್ಕೆ 48 ತಾಸಿನ ಮಿತಿಯನ್ನು 1948ರ ಕಾರಖಾನೆ ಕಾಯಿದೆ ಹಾಕಿತು. ಅಡಿಗೆಮನೆಗೆ ಮಿತಿಯೂ ಇಲ್ಲ, ವಾರದ ರಜೆಯೂ ಇಲ್ಲ. ಇಷ್ಟು ದುಡಿದವಳನ್ನು 2011ರ ಜನಗಣತಿಯ ಕಾಗದ ಕೆಲಸ ಮಾಡದವರ ಸಾಲಿನಲ್ಲಿ ಬರೆಯಿತು.

ಇದು ಮನೆಯೊಳಗಿನ ಮಾತಾಯಿತು. ಇದಕ್ಕೂ ಪೇಟೆಯ ಕೂಲಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ; ಅದನ್ನು ಕಾಣಲು ಬ್ಯಾಡಗಿಗೆ ಹೋಗೋಣ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿತು. ಡಬ್ಬಿ, ಕಡ್ಡಿ ಎಂಬ ಜಾತಿಗಳು. ಸುಕ್ಕುಗಟ್ಟಿದ ಸಿಪ್ಪೆ, ಕಡು ಕೆಂಪು ಬಣ್ಣ, ಹಿತವಾದ ಖಾರ. ಮಸಾಲೆ ಕಂಪನಿಗಳು ಪುಡಿಗಾಗಿ ಕೊಳ್ಳುತ್ತವೆ. ಬಣ್ಣದ ಸಾರ ತೆಗೆಯುವ ಕಾರಖಾನೆಗಳು ಕೊಳ್ಳುತ್ತವೆ. ಆ ಸಾರ ತಿಂಡಿ ತಿನಿಸಿಗೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಕೊಳ್ಳುವವನಿಗೆ ಬೇಕಾದ ಬಣ್ಣವಿರುವದು ಸಿಪ್ಪೆಯಲ್ಲಿ, ತೊಟ್ಟಿನಲ್ಲಲ್ಲ. ಆದುದರಿಂದ ತೊಟ್ಟು ಬಿಡಿಸಿ, ಬಣ್ಣಗೆಟ್ಟದ್ದನ್ನು ಬೇರೆ ಮಾಡಿದ ಕಾಯಿಗೆ ಬೇರೆಯೇ ಬೆಲೆ. ಈ ಕೆಲಸವನ್ನು ಹೆಣ್ಣುಮಕ್ಕಳು ಕೈಯಿಂದ, ಒಂದೊಂದೇ ಕಾಯಿ ಹಿಡಿದು ಮಾಡುತ್ತಾರೆ. ಘಾಟು ಮೂಗಿಗೆ ಏರುತ್ತದೆ, ಬೆರಳು ಉರಿಯುತ್ತವೆ. ಉರಿಯುವ ಅದೇ ಕೈಯಿಂದ ಸಂಜೆ ಕೂಸನ್ನು ಎತ್ತಿಕೊಳ್ಳಬೇಕು. ಕೂಲಿ ಕಿಲೋ ಲೆಕ್ಕದ್ದು. ಒಣಗಿದ ಕಾಯಿ ಹಗುರ. ತಕ್ಕಡಿಯಲ್ಲಿ ಒಂದು ಕಿಲೋ ತೂಗಬೇಕಾದರೆ ನೂರಾರು ಕಾಯಿಗಳ ತೊಟ್ಟು ಮುರಿದಿರಬೇಕು.

ಕಿಲೋ ಲೆಕ್ಕದ ಕೂಲಿಯ ಗುಟ್ಟೇನು? ಮಾಲು ತಡವಾಗಿ ಬಂದರೆ ಕಾದು ಕೂತ ಹೊತ್ತು ಅವಳದು. ಕಾಯಿ ಸಣ್ಣದಾಗಿದ್ದರೆ ಹೆಚ್ಚಿನ ಶ್ರಮ ಅವಳದು. ಸೋಮವಾರ, ಗುರುವಾರದ ಟೆಂಡರು ಏರಲಿ ಇಳಿಯಲಿ, ಅವಳ ದರ ಏರುವದು ಬೇರೆಯವರ ಮರ್ಜಿ. ಮನೆಗೆ ಚೀಲ ಒಯ್ದರೆ ಮಕ್ಕಳ ಕೈಯೂ ಅದರೊಳಗೆ ಬೀಳುತ್ತದೆ, ಆ ಕೈಗೆ ಕೂಲಿಯಿಲ್ಲ. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೈತರು ಸಿಡಿದೆದ್ದು, ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದದ್ದನ್ನು ನಾಡೆಲ್ಲ ನೋಡಿತು. ಪೇಟೆ ನಿಂತರೆ ತೊಟ್ಟು ಬಿಡಿಸುವವಳ ಕೂಲಿಯೂ ನಿಲ್ಲುತ್ತದೆ. ಆ ದಿನದ ಕೂಲಿಯನ್ನು ಯಾರ ಬಾಗಿಲಿಗೆ ಹೋಗಿ ಕೇಳಬೇಕೆಂಬುದು ಅವಳಿಗೆ ಗೊತ್ತಿಲ್ಲ, ಏಕೆಂದರೆ ಅವಳ ಮಾಲಕ ಯಾರೆಂಬುದೇ ಎಲ್ಲಿಯೂ ಬರೆದಿಲ್ಲ.

ಇಲ್ಲಿಯೇ ಮನೆಯೂ ಪೇಟೆಯೂ ಕೂಡುತ್ತವೆ. ಜರ್ಮನಿಯ ಮಾರಿಯಾ ಮೀಸ್ ಆಂಧ್ರದ ನರಸಾಪುರದಲ್ಲಿ ಲೇಸು ಹೆಣೆಯುವ ಹೆಂಗಸರನ್ನು ಕಂಡು 1982ರಲ್ಲಿ ಒಂದು ಪುಸ್ತಕ ಬರೆದಳು. ಅವರು ಹೆಣೆದ ಲೇಸು ಪರದೇಶಗಳಿಗೆ ಹೋಗುತ್ತಿತ್ತು, ವ್ಯಾಪಾರದವರು ಸಿರಿವಂತರಾದರು. ಆದರೆ ಹೆಣೆಯುವವರು ಕೂಲಿಕಾರರಲ್ಲ, ಮನೆಯಲ್ಲಿ ಬಿಡುವಿನ ಹೊತ್ತು ಕಳೆಯುವ ಗೃಹಿಣಿಯರು ಎಂದೇ ಎಲ್ಲರೂ ಹೇಳುತ್ತಿದ್ದರು. ಆ ಒಂದು ಹೆಸರೇ ಕೂಲಿಯನ್ನು ಕೆಳಗೆ ಹಿಡಿದಿತ್ತು. 'ಮನಿಯಾಗ ಕುಂತಾಕಿ, ನಾಕು ಕಾಸು ಸಿಕ್ಕರ ಸಿಗಲಿ' ಎಂಬ ನಮ್ಮ ಊರಿನ ಮಾತಿನಲ್ಲಿರುವದೂ ಅದೇ ತಂತ್ರ. ಮನೆಯಲ್ಲಿ ಅವಳ ದುಡಿಮೆ ಪುಕ್ಕಟೆಯೆಂದು ಒಪ್ಪಿದ ಮೇಲೆ, ಪೇಟೆಯಲ್ಲಿ ಅದು ಅಗ್ಗವೆಂದು ಒಪ್ಪಿಸುವದು ಮಾಲಕನಿಗೆ ಸುಲಭ.

ರಾಣೆಬೆನ್ನೂರಿನ ಬೀಜದ ಮಾತು ಕೇಳಿ. ಎರಡು ಬೇರೆ ಬೇರೆ ಹತ್ತಿ ಜಾತಿಗಳನ್ನು ಕೂಡಿಸಿದ ವರಲಕ್ಷ್ಮಿ ಎಂಬ ಸಂಕರ ತಳಿ ಧಾರವಾಡದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಹೊರಬಂದಿತು, ಡಾ. ಬಿ. ಎಚ್. ಕತರಕಿ ಅವರ ಕೀರ್ತಿ ಅದು. ಸಂಕರ ಬೀಜ ಆಗುವದು ಹೇಗೆ? ಸಂಜೆ, ನಾಳೆ ಅರಳಬೇಕಾದ ಮೊಗ್ಗನ್ನು ಹುಡುಕಿ, ಬಿಡಿಸಿ, ಒಳಗಿನ ಗಂಡು ಕೇಸರವನ್ನು ಹೆಣ್ಣು ಭಾಗಕ್ಕೆ ಪೆಟ್ಟಾಗದಂತೆ ತೆಗೆಯಬೇಕು. ಮರುದಿನ ಮುಂಜಾನೆ ಬೇರೆ ಗಿಡದ ಪರಾಗವನ್ನು ತಂದು ಅದಕ್ಕೆ ಮುಟ್ಟಿಸಬೇಕು. ಹೀಗೆ ಒಂದೊಂದು ಹೂವಿಗೂ, ಕಾಲವಿರುವವರೆಗೆ ದಿನವೂ. ಟೊಮೆಟೊ, ಬದನೆ, ಬೆಂಡೆ, ಮೆಣಸಿನ ಸಂಕರ ಬೀಜಕ್ಕೂ ಇಂಥದೇ ಕೈಗೆಲಸ. ರಾಣೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ಈ ಕೆಲಸದ ಬಹುಭಾಗ ಹೆಂಗಸರ, ಹುಡುಗಿಯರ ಮೇಲೆ ಬಿದ್ದಿದೆ.

ಕಂಪನಿ ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳುವದಿಲ್ಲ. ನಡುವಿನವರ ಮೂಲಕ ಸಣ್ಣ ರೈತನೊಡನೆ ಕರಾರು ಮಾಡುತ್ತದೆ. ಇಂತಿಷ್ಟು ದರಕ್ಕೆ ಬೀಜ ಕೊಳ್ಳುತ್ತೇನೆ ಎನ್ನುತ್ತದೆ. ಗೊಬ್ಬರ, ಔಷಧ, ಆಳಿನ ಕೂಲಿ ಎಲ್ಲ ತೆಗೆದರೆ ರೈತನಿಗೆ ಉಳಿಯುವದು ಸ್ವಲ್ಪ. ಆ ಸ್ವಲ್ಪ ಉಳಿಯುವದೂ ಹೆಂಡತಿ, ಸೊಸೆ, ಮಗಳು ಕೂಲಿಯಿಲ್ಲದೆ ಸಾಲಿನಲ್ಲಿ ನಿಂತರೆ ಮಾತ್ರ. ಕಂಪನಿ ದರ ಕಟ್ಟುವಾಗ ಅವರ ಪುಕ್ಕಟೆ ದುಡಿಮೆಯನ್ನು ಮೊದಲೇ ಎಣಿಸಿಕೊಂಡಿರುತ್ತದೆ. ರೈತನೂ ಇಲ್ಲಿ ಮಾಲಕನಂತೆ ಕಾಣುತ್ತಾನೆ, ನಿಜದಲ್ಲಿ ಅವನೂ ಅವನ ಸಂಸಾರವೂ ಕೂಡಿ ಕಿಲೋ ಲೆಕ್ಕದ ಕೂಲಿಗೆ ದುಡಿಯುತ್ತಾರೆ.

ಹೆಂಗಸರೇ ಏಕೆ ಬೇಕೆಂದು ಕೇಳಿದರೆ, ಅವರ ಬೆರಳು ನಾಜೂಕು, ಅವರಿಗೆ ತಾಳ್ಮೆ ಹೆಚ್ಚು ಎಂಬ ಉತ್ತರ ಬರುತ್ತದೆ. ಡಯೇನ್ ಎಲ್ಸನ್, ರೂತ್ ಪಿಯರ್ಸನ್ ಎಂಬ ಇಬ್ಬರು ವಿದುಷಿಯರು 1981ರಲ್ಲಿ ಈ ಉತ್ತರವನ್ನೇ ಪರೀಕ್ಷಿಸಿದರು. ಬೆರಳು ಹುಟ್ಟಿನಿಂದ ನಾಜೂಕಾಗಿರುವದಿಲ್ಲ; ಚಿಕ್ಕಂದಿನಿಂದ ತಾಯಿ ಮನೆಗೆಲಸದಲ್ಲಿ ಪಳಗಿಸಿದ್ದಾಳೆ ಎಂದು ತೋರಿಸಿದರು. ಅಕ್ಕಿಯಲ್ಲಿ ಕಲ್ಲು ಆರಿಸುವದು, ಹೂ ಕಟ್ಟುವದು, ಕೌದಿ ಹೊಲಿಯುವದು ಒಂದು ತರಬೇತಿಯೇ. ಐ.ಟಿ.ಐ.ಯಲ್ಲಿ ಹುಡುಗ ಕಲಿತದ್ದು ಕಸಬು, ಅದಕ್ಕೆ ಸರ್ಟಿಫಿಕೇಟು, ಹೆಚ್ಚಿನ ಪಗಾರ. ತಾಯಿಯ ಹತ್ತಿರ ಹುಡುಗಿ ಕಲಿತದ್ದು ಹೆಣ್ಣಿನ ಗುಣ, ಅದಕ್ಕೆ ಕಡಿಮೆ ಕೂಲಿ. ಇದು ಯಾವ ನ್ಯಾಯ?

ಇನ್ನು ಹಾವೇರಿ. ಮಲೆನಾಡಿನ ಏಲಕ್ಕಿ ಈ ಊರಿಗೆ ಬಂದು ಪೇಟೆ ಕಂಡದ್ದರಿಂದ ಏಲಕ್ಕಿಯ ನಾಡೆಂಬ ಹೆಸರು ಬಂದಿತು. ಸಭೆಗಳಲ್ಲಿ ದೊಡ್ಡವರ ಕೊರಳಿಗೆ ಬೀಳುವ ಏಲಕ್ಕಿ ಹಾರ ಮನೆಯ ಪಡಸಾಲೆಯಲ್ಲಿ, ಸಂಸಾರದವರ ಕೈಯಲ್ಲಿ ಆಗುವ ಕಸಬು. ಹಾರ ಹಾಕಿಸಿಕೊಂಡವರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಪೋಣಿಸಿದವರದು ಬರುವದಿಲ್ಲ.

ಸಣ್ಣ ವ್ಯಾಪಾರದ ಬಂಧುಗಳೇ, ಈ ಮಾತು ನಿಮ್ಮ ಅಂಗಡಿಗೂ ಹತ್ತುತ್ತದೆ. ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೇಳೆ ಹಸನು ಮಾಡಿ ಪೊಟ್ಟಣ ಕಟ್ಟುವವರು ಯಾರು? ಖಾನಾವಳಿಗೆ ರೊಟ್ಟಿ ಬಡಿಯುವವರು ಯಾರು? ನೀವು ಮಾಲು ತರಲು ಹುಬ್ಬಳ್ಳಿಗೆ ಹೋದ ದಿನ ಗಲ್ಲೆಯ ಮೇಲೆ ಕೂಡುವವರು ಯಾರು? ವರ್ಷದ ಕೊನೆಗೆ ಲಾಭ ಇಷ್ಟಾಯಿತೆಂದು ಬರೆಯುತ್ತೀರಿ. ಮನೆಯವರ ಕೂಲಿಯನ್ನು ಅದರಿಂದ ಕಳೆದು ನೋಡಿದರೆ ಎಷ್ಟೋ ಅಂಗಡಿಗಳಲ್ಲಿ ಲಾಭವೆಂಬುದು ಅವರ ಕೂಲಿಯೇ ಎಂದು ತಿಳಿಯುತ್ತದೆ. ದೊಡ್ಡ ಬಂಡವಾಳದ ಎದುರಿಗೆ ನಿಮ್ಮ ಅಂಗಡಿ ಇನ್ನೂ ಬಾಗಿಲು ತೆರೆದಿರುವದು ಆ ಕೂಲಿಯ ಮೇಲೆ.

ಇದೆಲ್ಲ ಪರದೇಶದ ವಿಚಾರವೆಂದು ಯಾರೂ ತಳ್ಳಿಹಾಕಬೇಡಿರಿ. ನಮ್ಮ ಜಿಲ್ಲೆಯ ಚೌಡಯ್ಯದಾನಪುರ ಹೊಳೆ ದಾಟಿಸುವ ಅಂಬಿಗರ ಚೌಡಯ್ಯನ ನೆಲ. ಅವನ ಕಾಲದ ಶರಣೆಯರು ತಮ್ಮ ದುಡಿಮೆಯಿಂದಲೇ ಹೆಸರು ಪಡೆದವರು: ಬತ್ತ ಕುಟ್ಟುವ ಕೊಟ್ಟಣದ ಸೋಮವ್ವ, ನೂಲುವ ಕದಿರ ರೆಮ್ಮವ್ವೆ, ಚೆಲ್ಲಿದ ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ. ಕುಟ್ಟುವದು, ನೂಲುವದು, ಆಯುವದು ಕಾಯಕವೆಂದು 12ನೆಯ ಶತಮಾನದಲ್ಲಿ ಈ ನಾಡು ಒಪ್ಪಿತ್ತು. ಮೆಣಸಿನಕಾಯಿ ಆಯುವದು ಮಾತ್ರ ಇಂದು ಬಿಡುವಿನ ಕೆಲಸ ಹೇಗಾಯಿತು? ರಾಮಮನೋಹರ ಲೋಹಿಯಾ ಅವರೂ ತಮ್ಮ ಏಳು ಕ್ರಾಂತಿಗಳಲ್ಲಿ ಗಂಡು ಹೆಣ್ಣಿನ ಸಮಾನತೆಯನ್ನು ಸೇರಿಸಿದ್ದರು.

ಎರಡು ಆಕ್ಷೇಪಣೆಗಳಿಗೆ ಉತ್ತರ ಹೇಳಲೇಬೇಕು. ಹೆಂಗಸರ ಕೂಲಿ ಏರಿದರೆ ನಮ್ಮ ಪಾಲು ಕಡಿಮೆಯಾಗುತ್ತದೆ ಎಂದು ಕೆಲವು ಕೂಲಿಕಾರರು ಹೇಳುತ್ತಾರೆ. ಅನುಭವ ಇದಕ್ಕೆ ವಿರುದ್ಧ. ಅಗ್ಗದ ಕೈ ಬಾಗಿಲಲ್ಲಿ ಕಾದಿರುವವರೆಗೆ ಮಾಲಕ ದುಬಾರಿಯ ಕೈಯನ್ನು ಹೆದರಿಸುತ್ತಾನೆ. ಅವಳ ದರ ಮೇಲೆದ್ದರೆ ಆ ಹೆದರಿಕೆ ಮುರಿಯುತ್ತದೆ. ಎರಡನೆಯದು ವ್ಯಾಪಾರಿಗಳ ಮಾತು: ದರ ಏರಿದರೆ ವ್ಯಾಪಾರ ಗುಂಟೂರಿಗೆ ಹೋದೀತು. ಇದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ; ಒಬ್ಬ ವ್ಯಾಪಾರಿ ಒಬ್ಬನೇ ದರ ಏರಿಸಿದರೆ ಅವನಿಗೆ ಪೆಟ್ಟು ಬೀಳುವದು ಖರೆ. ಆದುದರಿಂದಲೇ ದರ ಇಡೀ ಪೇಟೆಗೆ ಒಂದೇ ಆಗಬೇಕು. ಪೇಟೆಗೆಲ್ಲ ಒಂದೇ ದರವಾದರೆ ಪ್ರಾಮಾಣಿಕ ವ್ಯಾಪಾರಿಯನ್ನು ಕೂಲಿ ಕಡಿದು ಸೋಲಿಸುವವರು ಇರುವದಿಲ್ಲ. ಬ್ಯಾಡಗಿಯ ಕಾಯಿಗೆ ಗಿರಾಕಿ ಬರುವದು ಅದರ ಬಣ್ಣಕ್ಕಾಗಿ. ಆ ಬಣ್ಣ ಕೂಲಿ ಕಡಿದದ್ದರಿಂದ ಬಂದದ್ದಲ್ಲ.

ಕಾಯಿದೆಯೂ ನಮ್ಮ ಕಡೆಗಿದೆ. ಸಮಾನ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಸಮಾನ ವೇತನವಿರಬೇಕೆಂದು ಸಂವಿಧಾನದ 39ನೆಯ ಕಲಮು ಹೇಳುತ್ತದೆ. ಬೀಡಿ ಕೂಲಿಕಾರರ 1966ರ ಕಾಯಿದೆ, ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳನ್ನೂ ಕೂಲಿಕಾರಳೆಂದು ಒಪ್ಪಿತು. ಮಾಲಕರು ಅದನ್ನು ಪ್ರಶ್ನಿಸಿದಾಗ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನೇ ಎತ್ತಿಹಿಡಿಯಿತು. ಮನೆಯಲ್ಲಿ ಮಾಡಿದ ಮಾತ್ರಕ್ಕೆ ಕೆಲಸವಲ್ಲವೆಂಬ ವಾದ ಅಂದೇ ಬಿದ್ದುಹೋಯಿತು. ಕಿಲೋ ಲೆಕ್ಕದ ಕೆಲಸವಾದರೂ ತಾಸಿನ ಲೆಕ್ಕದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಕೂಡದೆಂದು 1948ರ ಕನಿಷ್ಠ ಕೂಲಿ ಕಾಯಿದೆ ಹೇಳಿತು. 2019ರ ವೇತನ ಸಂಹಿತೆಯೂ ಆ ಮಾತನ್ನು ಉಳಿಸಿಕೊಂಡಿದೆ.

2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಗೊತ್ತುಮಾಡಲಾಯಿತು. ಅದೇ ವರ್ಷದ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ಖರ್ಚು ತಪ್ಪಿತು. ಹಳ್ಳಿಯಿಂದ ಬ್ಯಾಡಗಿಗೆ ಕೂಲಿಗೆ ಬರುವವಳಿಗೆ ಇದು ದೊಡ್ಡ ಆಸರೆ. ಆದರೆ ಇದು ಕೂಲಿಯಲ್ಲ, ಸಹಾಯ. ಸಹಾಯವನ್ನು ಕೊಟ್ಟ ಸರಕಾರ ಹಿಂದಕ್ಕೂ ತೆಗೆದುಕೊಳ್ಳಬಹುದು. ಅವಳ ಖಾತೆಗೆ ಹೇಗೂ ರೊಕ್ಕ ಬರುತ್ತದೆಂದು ಯಾವ ಮಾಲಕನಾದರೂ ಕಿಲೋ ದರವನ್ನು ಏರಿಸದೆ ಕುಳಿತರೆ, ಆ ಸಹಾಯ ಅವನ ಗಂಟಿಗೇ ಹೋದಂತೆ.

ಹೆಂಗಸರು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್ ದೇಶದ ಹೆಂಗಸರಲ್ಲಿ ನೂರಕ್ಕೆ ಸುಮಾರು 90 ಮಂದಿ ಹೊರಗಿನ ಕೆಲಸವನ್ನೂ ಮನೆಗೆಲಸವನ್ನೂ ಒಂದು ದಿನ ನಿಲ್ಲಿಸಿದರು. ದೇಶವೇ ನಿಂತಿತು, ಮರುವರ್ಷ ಅಲ್ಲಿ ಸಮಾನತೆಯ ಕಾಯಿದೆ ಬಂದಿತು. ನಮ್ಮ ಬೆಂಗಳೂರಿನಲ್ಲಿ 2016ರ ಏಪ್ರಿಲ್ 18, 19ರಂದು ಬಟ್ಟೆ ಕಾರಖಾನೆಗಳ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಭವಿಷ್ಯ ನಿಧಿಯ ಹಣ ತೆಗೆಯಲು ಅಡ್ಡಬಂದಿದ್ದ ಹೊಸ ನಿಯಮವನ್ನು ಕೇಂದ್ರ ಸರಕಾರ 19ರಂದೇ ಹಿಂದಕ್ಕೆ ತೆಗೆದುಕೊಂಡಿತು.

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲನೆಯದು, ಹೆಸರು ಬರೆಯುವದು. ತೊಟ್ಟು ಬಿಡಿಸುವ, ಬೀಜದ ಹೊಲದಲ್ಲಿ ದುಡಿಯುವ ಪ್ರತಿಯೊಬ್ಬ ಹೆಣ್ಣುಮಗಳೂ ಕೂಲಿಕಾರರ ಸಂಘದ ಪುಸ್ತಕದಲ್ಲಿ ಇರಬೇಕು. ಸಂಘದ ಕೂಟವನ್ನು ಅವಳಿಗೆ ಬರಲಾಗುವ ಹೊತ್ತಿನಲ್ಲಿ ಕರೆಯಬೇಕು. ಎರಡನೆಯದು, ತೂಗಿ ನೋಡುವದು. ಸಾಧಾರಣ ಕೈ ಎಂಟು ತಾಸಿನಲ್ಲಿ ಎಷ್ಟು ಕಿಲೋ ಬಿಡಿಸುತ್ತದೆಂದು ವ್ಯಾಪಾರಿಗಳ ಎದುರಿನಲ್ಲಿಯೇ ತೂಗಿ, ದಿನದ ಕನಿಷ್ಠ ಕೂಲಿಯನ್ನು ಅದರಿಂದ ಭಾಗಿಸಬೇಕು. ತಿಳಿಯಲೆಂದು ಹೇಳುತ್ತೇವೆ: ದಿನದ ಕೂಲಿ 400 ರೂಪಾಯಿ, ಬಿಡಿಸಿದ್ದು 20 ಕಿಲೋ ಎಂದು ಹಿಡಿದರೆ ಕಿಲೋಕ್ಕೆ 20 ರೂಪಾಯಿ. ಹೀಗೆ ಬಂದ ದರಕ್ಕಿಂತ ಕೆಳಗೆ ಯಾರೂ ಚೀಲ ಬಿಚ್ಚಬಾರದು. ಜೊತೆಗೆ ಕೆಲಸದ ಜಾಗದಲ್ಲಿ ನೀರು, ಶೌಚಾಲಯ, ಕೂಸುಗಳಿಗೆ ತೊಟ್ಟಿಲ ಮನೆ ಬೇಕು.

ಮೂರನೆಯದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ. ಮೋರ್ಚಾಕ್ಕೆ ಗಂಡಸರು ಬಂದಾಗ ಮನೆಯಲ್ಲಿ ಒಲೆ ಉರಿಸಿದವರು ಹೆಂಗಸರು. ಅವರ ಸಂಘದ ಕೂಟವಿರುವ ಸಂಜೆ ಒಲೆಯ ಮುಂದೆ ನಾವು ಕೂಡಬೇಕು. ನೀರು ತರುವದು, ಕೂಸು ಆಡಿಸುವದು, ಅನ್ನಕ್ಕೆ ಇಡುವದು ಗಂಡಸಿನ ಮರ್ಯಾದೆಗೆ ಕುಂದೆಂದು ತಿಳಿಯುವವನು, ಪುಕ್ಕಟೆ ದುಡಿಸಿಕೊಳ್ಳುವ ಮಾಲಕನ ಮೇಲೆ ಕೈಯೆತ್ತಿ ಘೋಷಣೆ ಕೂಗಿದರೆ ಅದಕ್ಕೆ ಬೆಲೆ ಬಾರದು. ಈ ಋತುವಿನ ಕಾಯಿ ಪೇಟೆಗೆ ಬರುವ ಮೊದಲು ಓಣಿ ಓಣಿಗೆ ಹೋಗಿ ಹೆಸರು ಬರೆಯುವ ಕೆಲಸ ಆರಂಭವಾಗಲಿ. ಪುಸ್ತಕವನ್ನೂ ಪೆನ್ನನ್ನೂ ಹೆಣ್ಣುಮಕ್ಕಳ ಕೈಗೇ ಕೊಡೋಣ.